ಟಗರಿಗೊಂದು ಪ್ರಶಸ್ತಿ, ಕ್ಯಾಸೆಟ್ಟಿಗೊಂದು ಪ್ರಶಸ್ತಿ

2025ರ ಜನವರಿಯಲ್ಲಿ ರಾಜ್ಯ ಚಲನಚಿತ್ರ ಪ್ರಶಸ್ತಿಗಳ ಪಟ್ಟಿ ಹೊರಬಿತ್ತು. ಪ್ರಶಸ್ತಿ ಸಂದದ್ದು 2019ರ ಸಿನಿಮಾಗಳಿಗೆ. 'ಪೈಲ್ವಾನ್' ಚಿತ್ರಕ್ಕಾಗಿ ಅತ್ಯುತ್ತಮ ನಟ ಎನಿಸಿದ ಸುದೀಪ್, ತಾವು ಪ್ರಶಸ್ತಿ ತೆಗೆದುಕೊಳ್ಳುವುದನ್ನು ನಿಲ್ಲಿಸಿ ವರ್ಷಗಳೇ ಆದವು, ಅರ್ಹರಾದ ಬೇರೆ ಕಲಾವಿದರಿಗೆ ಕೊಡಿ ಎಂದು ಗೌರವದಿಂದಲೇ ಹೇಳಿ ಬಿಟ್ಟುಕೊಟ್ಟರು. ಅದೇ ವರ್ಷ 2020ರ ಪಟ್ಟಿಯೂ ಬಂತು. ಅದರಲ್ಲಿ ಮೊದಲ ಅತ್ಯುತ್ತಮ ಚಿತ್ರ 'ಪಿಂಕಿ ಎಲ್ಲಿ?'. ಪೃಥ್ವಿ ಕೊಣನೂರು ನಿರ್ದೇಶನದ ಈ ಚಿತ್ರ 2020ರಲ್ಲೇ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತ್ತು. ನಮ್ಮ ಥಿಯೇಟರುಗಳಿಗೆ ಬಂದದ್ದು 2023ರ ಜೂನ್‌ನಲ್ಲಿ. ರಾಜ್ಯದ ಮನ್ನಣೆ ಸಿಕ್ಕಿದ್ದು ಅದಾದ ಎರಡು ವರ್ಷಕ್ಕೆ.

ಈ ತಡ ಸಣ್ಣ ಸಿನಿಮಾಗಳಿಗೆ ಬಲವಾಗಿ ತಟ್ಟುತ್ತದೆ. ಹೊಸಬರ ಕನ್ನಡ ಚಿತ್ರವೊಂದರ ಹಣೆಬರಹ ಶುಕ್ರವಾರದ ಮೊದಲ ಆಟಕ್ಕೂ ಸೋಮವಾರಕ್ಕೂ ನಡುವೆ ಬರೆದುಹೋಗುತ್ತದೆ. ಶನಿವಾರ, ಭಾನುವಾರ ಸೀಟು ತುಂಬದಿದ್ದರೆ ಮಲ್ಟಿಪ್ಲೆಕ್ಸಿನವರು ಸೋಮವಾರದಿಂದ ಆಟ ಕಡಿಮೆ ಮಾಡುತ್ತಾರೆ. ಉಳಿದ ಒಂದು ಆಟವೂ ಬೆಳಗಿನ ಹೊತ್ತಿಗೋ ರಾತ್ರಿ ಹತ್ತು ದಾಟಿದ ಮೇಲೋ ಹೋಗಿಬಿಡುತ್ತದೆ. ಮುಂದಿನ ಶುಕ್ರವಾರ ಬೇರೆ ಸಿನಿಮಾ. ಆ ನಾಲ್ಕು ದಿನ ಚಿತ್ರದ ಕೈಹಿಡಿಯುವುದು ಬಾಯಿಮಾತು ಮಾತ್ರ. 'ಆ ಸಿನಿಮಾದಲ್ಲಿ ಒಂದು ಟಗರು ಇದೆ, ನೋಡಲೇಬೇಕು' ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದರೆ ಎರಡು ಟಿಕೆಟ್ ಹೋಗುತ್ತದೆ. 'ಚೆನ್ನಾಗಿದೆ' ಎಂದಷ್ಟೇ ಹೇಳಿದರೆ ಒಂದೂ ಹೋಗುವುದಿಲ್ಲ.

ಆದ್ದರಿಂದ ಪ್ರೇಕ್ಷಕರೇ ಪ್ರಶಸ್ತಿ ಕೊಡಬೇಕು, ಬಿಡಿಸಿ ಹೇಳಿ ಕೊಡಬೇಕು ಎಂಬುದು ನನ್ನ ಬಲವಾದ ನಂಬಿಕೆ. ನಮ್ಮ ಮನೆಯಲ್ಲಿ ವರ್ಷದ ಕೊನೆಗೆ ಇದೊಂದು ರೂಢಿ. ನೋಡಿದ ಸಿನಿಮಾಗಳ ಹೆಸರು ಬರೆದುಕೊಂಡು ಕೂತರೆ ರಾತ್ರಿ ಊಟ ಆರಿಹೋದರೂ ಯಾರೂ ಏಳುವುದಿಲ್ಲ. 'ಅತ್ಯುತ್ತಮ' ಎಂಬ ಪದ ಬಳಸುವಂತಿಲ್ಲ. ಒಂದೆರಡು ವಿನಾಯಿತಿ ಬಿಟ್ಟರೆ ಪ್ರಶಸ್ತಿ ಇಡೀ ಸಿನಿಮಾಕ್ಕೆ ಹೋಗುವಂತಿಲ್ಲ. ಅದರೊಳಗಿನ ಒಂದೇ ಒಂದು ಸಂಗತಿಗೆ, ಅಂದರೆ ಒಂದು ಪಾತ್ರಕ್ಕೋ ಸದ್ದಿಗೋ ವಸ್ತುವಿಗೋ ಹೋಗಬೇಕು. ಯಾಕೆ ಎಂಬುದನ್ನು, ಸಿನಿಮಾ ನೋಡಿದ ಇನ್ನೊಬ್ಬರು ಹೌದೋ ಅಲ್ಲವೋ ಎಂದು ಪರೀಕ್ಷಿಸುವಂತೆ ಹೇಳಬೇಕು. ಸರ್ಕಾರದ ಪ್ರಶಸ್ತಿಗಳು ಕಸುಬಿನ ಲೆಕ್ಕದಲ್ಲಿ ಹಂಚಿಕೆಯಾಗುತ್ತವೆ: ಛಾಯಾಗ್ರಹಣ, ಸಂಕಲನ, ಸಂಭಾಷಣೆ, ಸಂಗೀತ. ಕಸುಬುದಾರರಿಗೆ ಅದು ಸಲ್ಲಲೇಬೇಕಾದ ಗೌರವ. ಪ್ರೇಕ್ಷಕರು ಮನೆಗೆ ಹೊತ್ತುಕೊಂಡು ಬರುವುದಾದರೂ ಬೇರೆ. ಒಂದು ನೋಟ, ಬಾಗಿಲು ತೆರೆದ ಸದ್ದು, ಯಾರೋ ಪೋಷಕ ನಟ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ ರೀತಿ. ಇವಕ್ಕೆ ಯಾವ ಅರ್ಜಿ ನಮೂನೆಯಲ್ಲೂ ಕಾಲಂ ಇಲ್ಲ.

ಇಲ್ಲಿ ನಾನು ಆರಿಸಿಕೊಂಡಿರುವುದು 2023ನೇ ಇಸವಿ. ಹಿಂದಿನ ವರ್ಷ 'ಕೆಜಿಎಫ್ ಚಾಪ್ಟರ್ 2', 'ಕಾಂತಾರ', '777 ಚಾರ್ಲಿ', 'ವಿಕ್ರಾಂತ್ ರೋಣ' ಬಂದು ಇಡೀ ದೇಶ ಗಾಂಧಿನಗರದ ಕಡೆ ತಿರುಗಿ ನೋಡಿತ್ತು. 'ಕಾಂತಾರ'ಕ್ಕಾಗಿ ರಿಷಬ್ ಶೆಟ್ಟಿಯವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಆ ಬೆಳಕಿನ ಪಕ್ಕದಲ್ಲಿ 2023 ಮಂಕಾಗಿ ಕಂಡಿತು. ಗಲ್ಲಾಪೆಟ್ಟಿಗೆಯ ಲೆಕ್ಕದವರು ಆ ವರ್ಷವನ್ನು ಬೇಗ ಮರೆತರು. ನನಗೆ ಮಾತ್ರ ಅದು ಇತ್ತೀಚಿನ ಅತ್ಯಂತ ಫಲವತ್ತಾದ ವರ್ಷಗಳಲ್ಲಿ ಒಂದು. ಕಥೆ ಹೇಳುವ ಹಂಬಲವಿದ್ದ ಹೊಸಬರು ಒಬ್ಬರ ಹಿಂದೆ ಒಬ್ಬರು ಬಂದರು. ಜುಲೈ 28ರ ಒಂದೇ ಶುಕ್ರವಾರ 'ಆಚಾರ್ ಅಂಡ್ ಕೋ', 'ಕೌಸಲ್ಯಾ ಸುಪ್ರಜಾ ರಾಮ' ಎರಡೂ ಬಿಡುಗಡೆಯಾದವು. ಹಿಂದಿನ ಶುಕ್ರವಾರವಷ್ಟೇ ಬಂದಿದ್ದ 'ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ' ಇನ್ನೂ ಓಡುತ್ತಿತ್ತು. ಮೂರನ್ನೂ ನೋಡಬೇಕೆಂದು ಜನ ಸಮಯ ಹೊಂದಿಸಿಕೊಳ್ಳುತ್ತಿದ್ದ ವಾರ ಅದು.

ವರ್ಷದ ನಟ ಪ್ರಶಸ್ತಿಯಿಂದ ಶುರು ಮಾಡೋಣ. ಅದು 'ಟಗರು ಪಲ್ಯ'ದ ಟಗರಿಗೆ.

ಉಮೇಶ್ ಕೆ. ಕೃಪ ನಿರ್ದೇಶಿಸಿ ಡಾಲಿ ಧನಂಜಯ ನಿರ್ಮಿಸಿದ ಈ ಚಿತ್ರದಲ್ಲಿ ಕುಟುಂಬವೊಂದು ಹರಕೆ ತೀರಿಸಲು ಬಂಧುಬಳಗ ಕಟ್ಟಿಕೊಂಡು ಟಗರಿನ ಜೊತೆ ದೇವರ ಬಳಿಗೆ ಹೊರಡುತ್ತದೆ. ಹಳೇ ಮೈಸೂರು ಕಡೆಯ ಹರಕೆ ಊಟಕ್ಕೆ ಹೋದವರಿಗೆ ಆ ಗಳಿಗೆ ಗೊತ್ತು. ದೇವರ ಮುಂದೆ ನಿಲ್ಲಿಸಿದ ಟಗರಿನ ಮೇಲೆ ತೀರ್ಥ ಚಿಮುಕಿಸುತ್ತಾರೆ. ಅದು ಮೈ ಒದರಿದರೆ ದೇವರು ಒಪ್ಪಿದಂತೆ. ಒದರದಿದ್ದರೆ ಮಚ್ಚು ಎತ್ತುವಂತಿಲ್ಲ. ಈ ಟಗರು ಒದರುವುದಿಲ್ಲ. ನೀರು ಹಾಕುತ್ತಾರೆ, ಕಾಯುತ್ತಾರೆ, ಮತ್ತೆ ಹಾಕುತ್ತಾರೆ. ಅದು ನಿಂತೇ ಇರುತ್ತದೆ. ಅದು ನಿಂತಷ್ಟು ಹೊತ್ತು ಸುತ್ತಲಿನವರ ಹಳೆಯ ಮುನಿಸು, ಮುಚ್ಚಿಟ್ಟ ಪ್ರೀತಿ, ಸಾಲ, ಮಾನ ಮರ್ಯಾದೆಯ ಅಂಜಿಕೆ ಎಲ್ಲವೂ ಒಂದೊಂದಾಗಿ ಹೊರಗೆ ಬರುತ್ತವೆ. ಒಲೆ ಹಚ್ಚುವ ಹಾಗಿಲ್ಲ, ಮನೆಗೆ ಹಿಂದಿರುಗುವ ಹಾಗೂ ಇಲ್ಲ.

ಪ್ರಾಣಿಗೇಕೆ ನಟನ ಪ್ರಶಸ್ತಿ ಎಂದು ಕೇಳುವವರಿಗೆ ಎರಡು ಉತ್ತರ ಇವೆ. ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್ ಸುಮಾರು ನೂರು ವರ್ಷದ ಹಿಂದೆಯೇ ಒಂದು ಪ್ರಯೋಗ ಮಾಡಿದ್ದರು. ಯಾವ ಭಾವನೆಯನ್ನೂ ತೋರದ ಒಂದೇ ಮುಖದ ಚಿತ್ರದ ಪಕ್ಕ ಒಮ್ಮೆ ಊಟದ ಬಟ್ಟಲು, ಇನ್ನೊಮ್ಮೆ ಶವಪೆಟ್ಟಿಗೆ ಇಟ್ಟರೆ ನೋಡುಗರು ಆ ಮುಖದಲ್ಲಿ ಒಮ್ಮೆ ಹಸಿವನ್ನೂ ಇನ್ನೊಮ್ಮೆ ದುಃಖವನ್ನೂ ಕಾಣುತ್ತಾರೆ. 'ಟಗರು ಪಲ್ಯ'ದಲ್ಲಿ ಅದೇ ನಡೆಯುತ್ತದೆ. ಟಗರಿನ ಮುಖ ಬದಲಾಗುವುದೇ ಇಲ್ಲ, ಆದರೂ ಒಂದು ದೃಶ್ಯದಲ್ಲಿ ಅದು ಹಟಮಾರಿ, ಇನ್ನೊಂದರಲ್ಲಿ ನ್ಯಾಯಾಧೀಶ, ಮತ್ತೊಂದರಲ್ಲಿ ಪಾಪದ ಜೀವ. ಎರಡನೆಯದಾಗಿ, ಇದಕ್ಕೆ ಅಂತರರಾಷ್ಟ್ರೀಯ ಪೂರ್ವನಿದರ್ಶನವೂ ಇದೆ. ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ 2001ರಿಂದ ವಿಮರ್ಶಕರು ಸೇರಿ 'ಪಾಮ್ ಡಾಗ್' ಎಂಬ ಪ್ರಶಸ್ತಿ ಕೊಡುತ್ತಾರೆ. ಆ ವರ್ಷದ ಸಿನಿಮಾಗಳಲ್ಲಿ ಮನಸ್ಸು ಗೆದ್ದ ನಾಯಿಗೆ ಒಂದು ಚರ್ಮದ ಕೊರಳಪಟ್ಟಿ ಸಲ್ಲುತ್ತದೆ. ಅದೇ 2023ರಲ್ಲಿ ಅದು 'ಅನಾಟಮಿ ಆಫ್ ಎ ಫಾಲ್' ಚಿತ್ರದ ಮೆಸ್ಸಿ ಎಂಬ ನಾಯಿಗೆ ಹೋಯಿತು. ಮಾತ್ರೆ ನುಂಗಿ ಪ್ರಜ್ಞೆ ತಪ್ಪಿ ಬಿದ್ದಿರುವ ದೃಶ್ಯದಲ್ಲಿ ಆ ನಾಯಿಯ ಕಣ್ಣು ನೋಡಿದವರು ಪ್ರಶಸ್ತಿ ತಮಾಷೆಗೆ ಕೊಟ್ಟದ್ದು ಎನ್ನಲಾರರು. ನಮ್ಮ ಟಗರಿಗೂ ಒಂದು ಕೊರಳಪಟ್ಟಿ, ಅದರಲ್ಲೊಂದು ಗೆಜ್ಜೆ ಸಲ್ಲಬೇಕು.

ಈ ತೀರ್ಪಿಗೆ ಮನೆಯಲ್ಲೇ ವಿರೋಧ ಬಂತು. ಮೈಸೂರಿನ ನಮ್ಮ ಚಿಕ್ಕಮ್ಮ ರಂಗಾಯಣದ ನಾಟಕಗಳನ್ನು ಬಿ.ವಿ. ಕಾರಂತರ ಕಾಲದಿಂದ ನೋಡಿದವರು. "ಅಯ್ಯೋ, ಟಗರೇನು ಮಾಡ್ತಪ್ಪಾ, ನಿಂತಿತ್ತು ಅಷ್ಟೆ. ಅದರ ಮುಂದೆ ನಿಂತು ಅಪ್ಪನ ಸಂಕಟ ಪಟ್ಟಿದ್ದು ರಂಗಾಯಣ ರಘು. ಕೊಡೋದಾದ್ರೆ ಅವನಿಗೆ ಕೊಡು" ಎಂದರು. ಅವರ ಮಾತಿನಲ್ಲಿ ನಿಜವಿದೆ. ರಘು ಅವರ ತಂದೆಯಲ್ಲಿ ದೊಡ್ಡ ಗಂಟಲಿನ ಹಿಂದೆ ಒಬ್ಬ ಹೆದರಿದ ಮನುಷ್ಯ ಸದಾ ನಿಂತಿರುತ್ತಾನೆ. ನೆಂಟರ ಕಡೆ ನೋಡುವಾಗ ಅವರ ಕಣ್ಣು ಒಂದು ಕ್ಷಣ ಮುಂಚೆಯೇ ಕ್ಷಮೆ ಕೇಳಿಬಿಡುತ್ತದೆ. ಹಾಗಾಗಿ ತಂದೆ ಪಾತ್ರಗಳಿಗೆ ಕನ್ನಡದಲ್ಲಿ ಅಳತೆಗೋಲಾಗಿ ನಿಂತ ಕೆ.ಎಸ್. ಅಶ್ವಥ್ ಅವರ ಹೆಸರಿನಲ್ಲಿ ರಘು ಅವರಿಗೆ ಬೇರೆಯದೇ ಪ್ರಶಸ್ತಿ ಎಂದು ಒಪ್ಪಂದವಾಯಿತು. ಟಗರಿನ ಪ್ರಶಸ್ತಿಯನ್ನು ನಾನು ಹಿಂತೆಗೆದುಕೊಂಡಿಲ್ಲ.

ವರ್ಷದ ವಸ್ತು ಪ್ರಶಸ್ತಿಗೆ ಪೈಪೋಟಿಯೇ ಇರಲಿಲ್ಲ. ಹೇಮಂತ್ ಎಂ. ರಾವ್ ಅವರ 'ಸಪ್ತ ಸಾಗರದಾಚೆ ಎಲ್ಲೋ' ಚಿತ್ರದ ಕ್ಯಾಸೆಟ್ಟು ಅದನ್ನು ಪಡೆಯುತ್ತದೆ.

ಮೊದಲ ಭಾಗ ಸೆಪ್ಟೆಂಬರ್ 1ಕ್ಕೆ, ಎರಡನೆಯದು ಹನ್ನೊಂದು ವಾರ ಬಿಟ್ಟು ನವೆಂಬರ್ 17ಕ್ಕೆ ಬಂತು. ಕಥೆ ಶುರುವಾಗುವುದು 2010ರಲ್ಲಿ. ಮನು ಶ್ರೀಮಂತರ ಮನೆಯ ಕಾರ್ ಡ್ರೈವರ್, ಪ್ರಿಯಾ ಹಾಡುವ ಹುಡುಗಿ. ಇಬ್ಬರಿಗೂ ಒಂದು ಮನೆಯ ಕನಸು. ಧಣಿಯ ಮಗ ಮಾಡಿದ ಅಪಘಾತದ ತಪ್ಪನ್ನು ಹಣದ ಭರವಸೆಗೆ ಮನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ. ಬೇಗ ಬಿಡಿಸುತ್ತೇವೆ ಎಂದ ಮಾತು ನಡೆಯುವುದಿಲ್ಲ, ಜೈಲೇ ಗತಿಯಾಗುತ್ತದೆ. ಆಗ ಪ್ರಿಯಾ ತನ್ನ ಧ್ವನಿಯನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಕೊಡುತ್ತಾಳೆ.

ಹೊರಗೆ ಎಲ್ಲರ ಕೈಗೂ ಮೊಬೈಲ್ ಬಂದಿದ್ದ ಕಾಲ ಅದು. ಕ್ಯಾಸೆಟ್ಟಿನ ಯುಗ ಮುಗಿದೇ ಹೋಗಿತ್ತು. ಅದನ್ನೇ ನಿರ್ದೇಶಕರು ಪ್ರೇಮದ ವಾಹನವಾಗಿ ಆರಿಸಿಕೊಂಡದ್ದರಲ್ಲಿ ದೊಡ್ಡ ಜಾಣ್ಮೆ ಇದೆ. ಟೇಪಿನ ಮೇಲೆ ಕಬ್ಬಿಣದ ಆಕ್ಸೈಡಿನ ತೆಳು ಲೇಪ ಇರುತ್ತದೆ, ಧ್ವನಿ ಕೂತಿರುವುದು ಅದರಲ್ಲೇ. ಟೇಪು ಪ್ರತಿ ಸಲ ಹೆಡ್ಡಿಗೆ ಉಜ್ಜಿ ಹೋದಾಗಲೂ ಲೇಪ ಕೊಂಚ ಸವೆಯುತ್ತದೆ. ಅಂದರೆ ಕೇಳಿದಷ್ಟೂ ಧ್ವನಿ ಕ್ಷೀಣಿಸುತ್ತದೆ. ಮತ್ತೆ ಮತ್ತೆ ಕೇಳುವುದರಿಂದಲೇ ಕಳೆದುಕೊಳ್ಳುವ ಇಂಥ ವಸ್ತು ವಿರಹದ ಕಥೆಗೆ ಇನ್ನೊಂದು ಸಿಗಲಾರದು. ಮುಖ ಕಾಣುವುದಿಲ್ಲ, ಬರೇ ಉಸಿರು, ಮಾತಿನ ನಡುವಿನ ತಡವರಿಕೆ, ಹಾಡು. ಈ ಚಿತ್ರದ ನೀಲಿ ಬಣ್ಣದ ಬಗ್ಗೆ, ಎರಡನೇ ಭಾಗದ ಕೆಂಪಿನ ಬಗ್ಗೆ ಬಹಳ ಮಂದಿ ಬರೆದರು. ಅದ್ವೈತ ಗುರುಮೂರ್ತಿಯವರ ಕ್ಯಾಮೆರಾಕ್ಕೆ ಅದು ಸಲ್ಲುವ ಮಾತೇ. ನನಗೆ ಮಾತ್ರ ಈ ಸಿನಿಮಾ ಮೊದಲು ಕಿವಿಯದ್ದು. ಚರಣ್ ರಾಜ್ ಅವರ ಸಂಗೀತ ಹಿನ್ನೆಲೆಯಲ್ಲಿ ಅಲೆಯ ಹಾಗೆ ಬಂದು ಹಿಂದೆ ಸರಿದಾಗ ಉಳಿಯುವುದು ಪ್ರಿಯಾ ಆಗಿರುವ ರುಕ್ಮಿಣಿ ವಸಂತ್ ಅವರ ಮಾತಿನ ಧ್ವನಿ.

ಇನ್ನೂ ಒಂದು ಕಾರಣಕ್ಕೆ ಈ ಪ್ರಶಸ್ತಿ ಒಪ್ಪುತ್ತದೆ. ಚಿತ್ರದ ಹೆಸರು ಗೋಪಾಲಕೃಷ್ಣ ಅಡಿಗರ 'ಯಾವ ಮೋಹನ ಮುರಳಿ' ಕವಿತೆಯಿಂದ ಬಂದದ್ದು. ಆ ಕವಿತೆಯನ್ನು ಪುಸ್ತಕದಲ್ಲಿ ಓದಿದವರಿಗಿಂತ ಕೇಳಿ ಕಲಿತವರೇ ಹೆಚ್ಚು. 1978ರಲ್ಲಿ ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದ್ ಅವರ ಕವಿತೆಗಳಿಗೆ ರಾಗ ಹಾಕಿದ 'ನಿತ್ಯೋತ್ಸವ' ಬಂದಲ್ಲಿಂದ ಭಾವಗೀತೆಗಳು ಕ್ಯಾಸೆಟ್ಟಿನಲ್ಲೇ ಕೂತು ನಮ್ಮ ಮನೆಗಳಿಗೆ ಬಂದವು. ಸಿಕ್ಕಿಕೊಂಡ ಟೇಪನ್ನು ಪೆನ್ಸಿಲ್ ತೂರಿಸಿ ಮೆಲ್ಲಗೆ ಸುತ್ತುತ್ತಿದ್ದ ತಲೆಮಾರಿಗೆ ಪ್ರಿಯಾಳ ಕ್ಯಾಸೆಟ್ಟು ಎಷ್ಟು ಬೆಲೆಬಾಳುವುದೆಂದು ಯಾರೂ ವಿವರಿಸಬೇಕಿಲ್ಲ.

ಮುಂದಿನದಕ್ಕೆ ಬಾಲಣ್ಣ ಪ್ರಶಸ್ತಿ ಎಂದು ಹೆಸರಿಟ್ಟಿದ್ದೇನೆ. ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ಹಾಗಿದ್ದೂ ಮಾತಿನ ಟೈಮಿಂಗ್‌ನಲ್ಲಿ ಅವರನ್ನು ಮೀರಿಸಿದವರು ವಿರಳ. 'ಬಂಗಾರದ ಮನುಷ್ಯ'ದ ರಾಚೂಟಪ್ಪನನ್ನು ನೆನೆದರೆ ಸಾಕು. ಮಾತಿನ ಹಾದಿ ಮುಚ್ಚಿದ್ದರೂ ಪಾತ್ರವನ್ನು ನಮ್ಮ ಎದೆಗೆ ತಲುಪಿಸಿದವರಿಗೆ ಈ ಪ್ರಶಸ್ತಿ. 2023ರಲ್ಲಿ ಅದು 'ಟೋಬಿ'ಯ ರಾಜ್ ಬಿ. ಶೆಟ್ಟಿಯವರದು.

ಟೋಬಿ ಮಾತು ಬಾರದ ಮನುಷ್ಯ. ಟಿ.ಕೆ. ದಯಾನಂದ್ ಅವರ ಕಥೆ ಆಧರಿಸಿ ಬಾಸಿಲ್ ನಿರ್ದೇಶಿಸಿದ ಈ ಚಿತ್ರದ ಪೋಸ್ಟರಿನಲ್ಲಿ ರಕ್ತ ಮೆತ್ತಿದ ಮುಖ, ಮೂಗಿನಲ್ಲಿ ದಪ್ಪ ಮೂಗುತಿ. ಜನ ಹೊಡೆದಾಟದ ಸಿನಿಮಾ ಎಂದುಕೊಂಡು ಬಂದರು. ಹೊಡೆದಾಟ ಇದೆ. ಆದರೆ ಚಿತ್ರದ ಜೀವ ಇರುವುದು ಸಾಕುಮಗಳು ಜೆನ್ನಿಯ ಎದುರು ಟೋಬಿ ನಿಂತಾಗ. ಹೇಳಬೇಕಾದದ್ದು ಗಂಟಲಿನವರೆಗೆ ಬರುತ್ತದೆ, ಕುತ್ತಿಗೆಯ ನರ ಉಬ್ಬುತ್ತದೆ, ಕೈ ಅರ್ಧ ಎತ್ತಿ ಕೆಳಗಿಳಿಯುತ್ತದೆ. ಮೂರು ತಿಂಗಳಲ್ಲಿ ಇದೇ ನಟ 'ಸ್ವಾತಿ ಮುತ್ತಿನ ಮಳೆ ಹನಿಯೇ' ನಿರ್ದೇಶಿಸಿ, ಸಾವಿಗೆ ಹತ್ತಿರವಾದ ಅನಿಕೇತನಾಗಿ ಆರೈಕೆ ಕೇಂದ್ರದ ಹಾಸಿಗೆಯಲ್ಲಿ ಕೂತು ಸಿರಿ ರವಿಕುಮಾರ್ ಅವರ ಪ್ರೇರಣಾಳ ಜೊತೆ ತಣ್ಣನೆಯ ದನಿಯಲ್ಲಿ ಮಾತಾಡಿದರು. ಮೊದಲನೆಯದರಲ್ಲಿ ಮಾತಿಲ್ಲದ ಅಬ್ಬರ, ಎರಡನೆಯದರಲ್ಲಿ ಮಾತೆಲ್ಲ ಪಿಸುಗುಟ್ಟುವಿಕೆ. ಒಂದೇ ವರ್ಷದಲ್ಲಿ ಇಷ್ಟು ದೂರ ನಡೆದ ನಟ ಆ ಸಲ ಇನ್ನೊಬ್ಬರಿರಲಿಲ್ಲ.

ವರ್ಷದ ಗಲಾಟೆ ಪ್ರಶಸ್ತಿ ನಿತಿನ್ ಕೃಷ್ಣಮೂರ್ತಿಯವರ 'ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ' ಚಿತ್ರದ ತುಂಗಾ ಬಾಯ್ಸ್ ಹಾಸ್ಟೆಲಿಗೆ. ವಾರ್ಡನ್ ಸತ್ತು ಬಿದ್ದಿದ್ದಾನೆ, ಪತ್ರದಲ್ಲಿ ಹುಡುಗರ ಹೆಸರಿದೆ, ಬೆಳಗಾಗುವುದರೊಳಗೆ ಏನಾದರೂ ಮಾಡಬೇಕು. ನೂರಾರು ಹೊಸ ಹುಡುಗರನ್ನು ಒಂದೇ ಕಟ್ಟಡದೊಳಗೆ ಬಿಟ್ಟು ಅರವಿಂದ್ ಕಶ್ಯಪ್ ಕ್ಯಾಮೆರಾ ಹಿಡಿದು ಅವರ ಹಿಂದೆ ಓಡುತ್ತಾರೆ. ಕಾರಿಡಾರಿನ ಒಂದು ತುದಿಯಲ್ಲಿ ಹೆಣ, ಇನ್ನೊಂದು ತುದಿಯಲ್ಲಿ ನಾಳೆಯ ಪರೀಕ್ಷೆ, ಮಧ್ಯೆ ಯಾರದೋ ಬಕೆಟ್ಟು. ಹಾಸ್ಟೆಲಿನಲ್ಲಿ ಇದ್ದವರಿಗೆ ಗೊತ್ತು, ಅಲ್ಲಿ ಯಾವತ್ತೂ ಒಬ್ಬರೇ ಮಾತಾಡುವುದಿಲ್ಲ, ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ಕನ್ನಡ ಸಿನಿಮಾದಲ್ಲಿ ಒಬ್ಬರು ಮಾತು ಮುಗಿಸಿದ ಮೇಲೆಯೇ ಇನ್ನೊಬ್ಬರು ಶುರು ಮಾಡುವ ಹಳೆಯ ಶಿಸ್ತನ್ನು ಈ ಚಿತ್ರ ಖುಷಿಯಿಂದ ಮುರಿಯಿತು.

ಗಲಾಟೆಯ ಪಕ್ಕದಲ್ಲೇ ಮನೆಯ ಪ್ರಶಸ್ತಿ. ಅದು 'ಆಚಾರ್ ಅಂಡ್ ಕೋ' ಚಿತ್ರದ ಮನೆಗೆ. ಅರವತ್ತರ ದಶಕದ ಬೆಂಗಳೂರು, ಜಯನಗರ, ಎಂಜಿನಿಯರ್ ಮಧುಸೂದನ ಆಚಾರ್, ಅವರಿಗೆ ಹತ್ತು ಮಕ್ಕಳು. ಬರೆದು ನಿರ್ದೇಶಿಸಿ ಸುಮಾ ಪಾತ್ರವನ್ನೂ ಮಾಡಿದವರು ಸಿಂಧು ಶ್ರೀನಿವಾಸಮೂರ್ತಿ. ಪುನೀತ್ ರಾಜ್‌ಕುಮಾರ್ ಕಟ್ಟಿದ ಪಿಆರ್‌ಕೆ ಸಂಸ್ಥೆಯ ಚಿತ್ರ. ತೆರೆಯ ಹಿಂದಿನ ಮುಖ್ಯ ವಿಭಾಗಗಳಲ್ಲಿ ಹೆಚ್ಚಿನವನ್ನು ಹೆಂಗಸರೇ ನಡೆಸಿದರು, ಸಂಗೀತ ಬಿಂದುಮಾಲಿನಿಯವರದು. ಹಳೆಯ ಕಾಲದ ಮನೆ ಕಟ್ಟಿದರೆ ಸಾಲದು, ಅದರಲ್ಲಿ ಹದಿಮೂರು ಹದಿನಾಲ್ಕು ಮಂದಿ ಬದುಕುತ್ತಿದ್ದಾರೆ ಎಂದು ಅನಿಸಬೇಕು. ಇಲ್ಲಿ ಅನಿಸುತ್ತದೆ. ಯಾರೂ ಒಂಟಿಯಾಗಿ ಕೂರಲು ಜಾಗವಿಲ್ಲ, ಅಳಬೇಕಾದರೂ ಸರದಿ ಕಾಯಬೇಕು. ಹೆಣ್ಣುಮಕ್ಕಳ ಮದುವೆಯೇ ಮನೆಯ ಉದ್ಯಮವಾದ ಕಾಲದಲ್ಲಿ ಒಬ್ಬಳು ಕೆಲಸಕ್ಕೆ ಹೊರಡುವುದು ಎಷ್ಟು ದೊಡ್ಡ ಘಟನೆ ಎಂಬುದನ್ನು ಭಾಷಣವಿಲ್ಲದೆ, ಮನೆಯ ಜನ ಅವಳಿಗೆ ಜಾಗ ಬಿಟ್ಟುಕೊಡುವ ರೀತಿಯಲ್ಲೇ ಸಿಂಧು ತೋರಿಸಿದರು.

ಕೆಲವು ಪ್ರಶಸ್ತಿಗಳನ್ನು ಬೇಗ ಬೇಗ ಕೊಟ್ಟುಬಿಡುತ್ತೇನೆ. ವರ್ಷದ ಶೀರ್ಷಿಕೆ ಮಂಸೋರೆಯವರ '19.20.21'. ಇವು ಸಂವಿಧಾನದ ವಿಧಿಗಳ ಸಂಖ್ಯೆ: ಮಾತಾಡುವ ಸ್ವಾತಂತ್ರ್ಯ, ಅನ್ಯಾಯದ ಶಿಕ್ಷೆಯಿಂದ ರಕ್ಷಣೆ, ಜೀವಿಸುವ ಹಕ್ಕು. ಬೆಳ್ತಂಗಡಿಯ ಕಾಡಂಚಿನ ಮಲೆಕುಡಿಯ ವಿದ್ಯಾರ್ಥಿಯೊಬ್ಬನನ್ನು 2012ರಲ್ಲಿ ನಕ್ಸಲ್ ನಂಟಿನ ಆರೋಪದಲ್ಲಿ ಬಂಧಿಸಿ, 2021ರಲ್ಲಿ ನ್ಯಾಯಾಲಯ ನಿರಪರಾಧಿ ಎಂದ ಪ್ರಕರಣದ ಜಾಡಿನಲ್ಲಿ ಈ ಚಿತ್ರ ಸಾಗುತ್ತದೆ. ಪೋಸ್ಟರ್ ನೋಡಿ ಇದೇನು ದಿನಾಂಕವೋ ಎಂದುಕೊಂಡು ಒಳಹೋದವರು ಮೂರು ವಿಧಿ ಕಲಿತು ಹೊರಬಂದರು.

ವರ್ಷದ ದುಡಿಮೆ ನವೀನ್ ಶಂಕರ್ ಅವರದು. ಫೆಬ್ರುವರಿಯಲ್ಲಿ 'ಹೊಂದಿಸಿ ಬರೆಯಿರಿ'ಯ ಕಾಲೇಜು ಗೆಳೆಯ, ಮಾರ್ಚ್ ಕೊನೆಗೆ 'ಗುರುದೇವ್ ಹೊಯ್ಸಳ'ದ ಖಳನಾಯಕ, ಆಗಸ್ಟಿನಲ್ಲಿ 'ಕ್ಷೇತ್ರಪತಿ'ಯ ರೈತನ ಮಗ, ಡಿಸೆಂಬರಿನಲ್ಲಿ 'ಸಲಾರ್'. 'ಕ್ಷೇತ್ರಪತಿ'ಯಲ್ಲಿ ಅವರ ಬಾಯಲ್ಲಿ ಉತ್ತರ ಕರ್ನಾಟಕದ ಮಾತು ನಗಿಸಲು ಬಂದದ್ದಲ್ಲ, ಬೆಳೆ ಕಳೆದುಕೊಂಡವರ ಸಿಟ್ಟು ಹೇಳಲು ಬಂದದ್ದು. ಅದು ನಮ್ಮ ತೆರೆಯಲ್ಲಿ ಅಪರೂಪ. ಅತಿ ಕಡಿಮೆ ಹೊತ್ತಿನಲ್ಲಿ ಅತಿ ಹೆಚ್ಚು ಶಿಳ್ಳೆ ಪಡೆದ ಪಾತ್ರ ನೆಲ್ಸನ್ ಅವರ ತಮಿಳು ಚಿತ್ರ 'ಜೈಲರ್'ನಲ್ಲಿ ಶಿವರಾಜ್‌ಕುಮಾರ್ ಮಾಡಿದ ಮಂಡ್ಯದ ನರಸಿಂಹ. ಕೆಲವೇ ನಿಮಿಷ, ಮಾತೂ ಅಷ್ಟಕ್ಕಷ್ಟೆ. ನಡೆದು ಬಂದ ರೀತಿಯಲ್ಲೇ ಕೆಲಸ ಮುಗಿಯಿತು. ಅಡುಗೆ ಪ್ರಶಸ್ತಿ ಬೇಕೇ ಬೇಕೆಂದು ಹಟ ಹಿಡಿದವರು ನಮ್ಮ ಚಿಕ್ಕಮ್ಮ. ಅದು ಸಂತೋಷ್ ಆನಂದ್‌ರಾಮ್ ಅವರ 'ರಾಘವೇಂದ್ರ ಸ್ಟೋರ್ಸ್'ನ ಬಾಣಸಿಗ ಹಯವದನನಾದ ಜಗ್ಗೇಶ್ ಅವರ ಪಾಲಾಯಿತು.

ಕಂದಾಯ ಪ್ರಶಸ್ತಿ ಎಂಬುದೊಂದು ಇದೆ. ಜಮೀನಿನ ಸಂಗತಿಯನ್ನು ಜನರಿಗೆ ತಲುಪಿಸಿದ ಚಿತ್ರಕ್ಕೆ ಅದು. ವರ್ಷದ ಕೊನೆಯ ಶುಕ್ರವಾರ, ಡಿಸೆಂಬರ್ 29ರಂದು ಬಂದ ತರುಣ್ ಸುಧೀರ್ ನಿರ್ದೇಶನದ 'ಕಾಟೇರ' ಅದನ್ನು ಗೆದ್ದಿತು. ಹಿನ್ನೆಲೆಯಲ್ಲಿ ಎಪ್ಪತ್ತರ ದಶಕ, ನಾಯಕ ಕುಲುಮೆಯ ಕೆಲಸಗಾರ, ಊರಿನ ಗೇಣಿದಾರರೆಲ್ಲ ಧಣಿಗಳ ಕೈಯಲ್ಲಿ. 1961ರ ಭೂ ಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಫಾರಂ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ಕರಾವಳಿಯಲ್ಲಿ ಇವತ್ತಿಗೂ ಹಿರಿಯರು 'ಡಿಕ್ಲರೇಷನ್ ಹಾಕಿದ ವರ್ಷ' ಎಂದೇ ಆ ಕಾಲವನ್ನು ಗುರುತಿಸುತ್ತಾರೆ. ಒಂದು ಹಾಳೆ ಕಾಗದ ಎಷ್ಟೋ ಮನೆಗಳ ಮೂರು ತಲೆಮಾರನ್ನು ಬದಲಾಯಿಸಿತು, ಅರ್ಜಿ ಹಾಕಿದ್ದಕ್ಕೆ ಏಟು ತಿಂದವರೂ ಇದ್ದರು. ಈ ಸಂಗತಿ ನಮ್ಮ ಕಥೆ ಕಾದಂಬರಿಗಳಲ್ಲಿ ಬೇಕಾದಷ್ಟು ಬಂದಿದೆ. ಶಿಳ್ಳೆ ಹಾಕಿ ನೋಡುವ ದೊಡ್ಡ ಸಿನಿಮಾದ ಕೇಂದ್ರಕ್ಕೆ ಬಂದದ್ದು ಮುಖ್ಯ. ನಾಯಕ ಮಚ್ಚು ಎತ್ತಿದಾಗ ಚಪ್ಪಾಳೆ ಬೀಳುವುದು ಹೊಸತೇನಲ್ಲ. ಉಳುವವನೇ ಹೊಲದೊಡೆಯ ಎಂಬ ಮಾತಿಗೂ ಸಿಂಗಲ್ ಸ್ಕ್ರೀನಿನಲ್ಲಿ ಅದೇ ಸದ್ದು ಕೇಳಿದ್ದು ನನಗೆ ತುಂಬ ಸಂತೋಷ ಕೊಟ್ಟಿತು. ಹೊಡೆದಾಟ ಇಷ್ಟು ಉದ್ದ ಬೇಕಿರಲಿಲ್ಲ ಎಂಬ ಅಭಿಪ್ರಾಯ ನನ್ನದು. ಕಾಯ್ದೆಯ ಭಾಗ ಇನ್ನೂ ಉದ್ದವಿರಬಹುದಿತ್ತು.

2023ರ ಡಿಸೆಂಬರ್ 8ರಂದು ಹಿರಿಯ ನಟಿ ಲೀಲಾವತಿ ತೀರಿಕೊಂಡರು. ಸೋಲದೇವನಹಳ್ಳಿಯಲ್ಲಿ ಊರವರಿಗಾಗಿ ಆಸ್ಪತ್ರೆ ಕಟ್ಟಿಸಿದ ಜೀವ ಅದು. ಅವರ ಹೆಸರಿನ ಪ್ರಶಸ್ತಿಯನ್ನು ಚೈತ್ರಾ ಜೆ. ಆಚಾರ್ ಅವರಿಗೆ ಕೊಡುತ್ತಿದ್ದೇನೆ, ಕಾರಣ ಹೇಳುತ್ತೇನೆ. ಪುಟ್ಟಣ್ಣ ಕಣಗಾಲರ 'ಗೆಜ್ಜೆ ಪೂಜೆ'ಯಲ್ಲಿ ಲೀಲಾವತಿ ಮಾಡಿದ್ದು ಸಮಾಜ ದೂರವಿಟ್ಟ ಕಸುಬಿನ ಮನೆಯ ತಾಯಿಯ ಪಾತ್ರ. ಅನುಕಂಪ ಕೇಳದೆ, ತನ್ನ ಲೆಕ್ಕಾಚಾರವನ್ನೂ ಮುಚ್ಚಿಡದೆ ಅವರು ಅದನ್ನು ಆಡಿದರು. 'ಸಪ್ತ ಸಾಗರದಾಚೆ ಎಲ್ಲೋ' ಎರಡನೇ ಭಾಗದ ಸುರಭಿಯೂ ಅಂಥದೇ ಕಸುಬಿನವಳು. ಮನು ತನ್ನನ್ನು ನೋಡುತ್ತಿರುವಾಗಲೂ ಅವನ ಮನಸ್ಸು ಬೇರೆಯವಳಲ್ಲಿದೆ ಎಂಬುದು ಅವಳಿಗೆ ಗೊತ್ತು. ಗೊತ್ತಿದ್ದೂ ಕಾಯುವ ಹೆಣ್ಣನ್ನು ಚೈತ್ರಾ ಅಳುಬುರುಕಿ ಮಾಡಲಿಲ್ಲ. ಬಾಗಿಲಲ್ಲಿ ಒರಗಿ ನಿಲ್ಲುವಾಗ, ಮಾತಿಗೆ ಮೊದಲು ನಕ್ಕುಬಿಡುವಾಗ ಅವಳ ಘನತೆ ಕಾಣುತ್ತದೆ. ಅದೇ ವರ್ಷ 'ಟೋಬಿ'ಯ ಜೆನ್ನಿ ಅವರೇ. ಹಿಂದೆ 'ಗರುಡ ಗಮನ ವೃಷಭ ವಾಹನ'ದಲ್ಲಿ ಸೋಜುಗಾದ ಸೂಜಿಮಲ್ಲಿಗೆ ಹಾಡಿದ ಕಂಠವೂ ಅವರದೇ.

ಇನ್ನೊಬ್ಬ ಹಿರಿಯರನ್ನೂ ಆ ವರ್ಷ ಕಳೆದುಕೊಂಡೆವು. ದೊರೈ–ಭಗವಾನ್ ಜೋಡಿಯ ಎಸ್.ಕೆ. ಭಗವಾನ್ ಫೆಬ್ರುವರಿ 20ರಂದು ನಿಧನರಾದರು. ವಾಣಿಯವರ 'ಎರಡು ಕನಸು', ಭಾರತೀಸುತರ 'ಬಯಲು ದಾರಿ', ಹೀಗೆ ಕಾದಂಬರಿಗಳನ್ನು ಮನೆಮಂದಿಯೆಲ್ಲ ನೋಡುವ ಸಿನಿಮಾ ಮಾಡಿದವರು ಅವರು. ಪುಸ್ತಕದಿಂದ ತೆರೆಗೆ ಬಂದ ಚಿತ್ರದ ಪ್ರಶಸ್ತಿಗೆ ಅವರ ಹೆಸರು. ಅದು ಶಶಾಂಕ್ ಸೋಗಾಲ್ ನಿರ್ದೇಶನದ 'ಡೇರ್‌ಡೆವಿಲ್ ಮುಸ್ತಫಾ'ಗೆ.

ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು' ಸಂಕಲನ ಕನ್ನಡ ಸಿನಿಮಾಕ್ಕೆ ಕೊಟ್ಟಷ್ಟು ಕಥೆಗಳನ್ನು ಇನ್ನೊಂದು ಪುಸ್ತಕ ಕೊಟ್ಟಿರಲಾರದು. 1973ರಲ್ಲಿ ಶೀರ್ಷಿಕೆ ಕಥೆಯನ್ನು ಎನ್. ಲಕ್ಷ್ಮೀನಾರಾಯಣ್, 1986ರಲ್ಲಿ 'ತಬರನ ಕಥೆ'ಯನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು; ಕಾಸರವಳ್ಳಿಯವರ ಚಿತ್ರಕ್ಕೆ ಸ್ವರ್ಣಕಮಲವೂ ಬಂತು. 'ಕುಬಿ ಮತ್ತು ಇಯಾಲ'ವನ್ನು ಸದಾನಂದ ಸುವರ್ಣ ತೆರೆಗೆ ತಂದರು. ಆ ಹಿರಿಯರ ಸಾಲಿನಲ್ಲಿ ಹೊಸ ಹುಡುಗರು ಅದೇ ಸಂಕಲನದ ಮುಸ್ತಫಾನನ್ನು ಎತ್ತಿಕೊಂಡರು. ಅಬಚೂರಿನ ಕಾಲೇಜಿನಲ್ಲಿ ಅಲ್ಲಿಯವರೆಗೆ ಒಬ್ಬನೂ ಮುಸ್ಲಿಂ ವಿದ್ಯಾರ್ಥಿ ಇರಲಿಲ್ಲ. ಜಮಾಲ್ ಅಬ್ದುಲ್ ಮುಸ್ತಫಾ ಹುಸೇನ್ ಬಂದು ಸೇರುತ್ತಾನೆ. ರಾಮಾನುಜ ಅಯ್ಯಂಗಾರಿಯ ದಂಡಿಗೆ ಅವನನ್ನು ಕಂಡರೆ ಆಗದು, ಭಯವೂ ಇದೆ, ಕುತೂಹಲವಂತೂ ಹೇಳತೀರದು. ಕಥೆಯಲ್ಲಿ ಕೆಲವೇ ಪುಟಗಳಲ್ಲಿ ಮುಗಿಯುವುದನ್ನು ಸಿನಿಮಾ ಕ್ರಿಕೆಟ್ ಮೈದಾನಕ್ಕೆ ತಂದು, ನಗಿಸುತ್ತಾ ಕೊನೆ ಮುಟ್ಟಿಸುತ್ತದೆ. ತೇಜಸ್ವಿಯವರ ನಗುವನ್ನು ಹಿಡಿಯುವುದು ಬಹಳ ಕಷ್ಟ. ಅವರು ಯಾರನ್ನೂ ಕೀಳು ಮಾಡದೆ ನಗುತ್ತಾರೆ. ಮುಸ್ತಫಾನ ಅತ್ತರು, ಟೊಪ್ಪಿಗೆಯನ್ನು ಕದ್ದು ನೋಡುವ ಹುಡುಗರ ಕಣ್ಣಿನಲ್ಲಿ ಆ ನಗು ಇದೆ. ಶಿಶಿರ್ ಬೈಕಾಡಿ ಮುಸ್ತಫಾನಾಗಿ ನಡೆದು ಬರುವಾಗ ಇಡೀ ತರಗತಿ ಉಸಿರು ಬಿಗಿಹಿಡಿಯುತ್ತದೆ, ಅವನೋ ಬೆಂಚು ಎಲ್ಲಿ ಖಾಲಿ ಇದೆ ಎಂದು ಮಾತ್ರ ಹುಡುಕುತ್ತಿರುತ್ತಾನೆ.

ವಿಧಾನಸಭಾ ಚುನಾವಣೆಯ ಬಿಸಿ ಆರುವ ಮುಂಚೆ, ಮೇ 19ರಂದು ಚಿತ್ರ ತೆರೆಗೆ ಬಂತು. ಕೆಲವೇ ವಾರಗಳಲ್ಲಿ ರಾಜ್ಯ ಸರ್ಕಾರ ತೆರಿಗೆ ವಿನಾಯಿತಿ ಕೊಟ್ಟಿತು, ಟಿಕೆಟ್ ಅಗ್ಗವಾಯಿತು, ಕಾಲೇಜು ಮಕ್ಕಳು ಗುಂಪು ಗುಂಪಾಗಿ ಹೋದರು. ಇನ್ನು ನಿರ್ಮಾಪಕರ ವಿಷಯ. ಈ ಚಿತ್ರಕ್ಕೆ ದುಡ್ಡು ಹಾಕಿದವರು ಸುಮಾರು ನೂರು ಮಂದಿ, ಎಲ್ಲರೂ ತೇಜಸ್ವಿಯವರ ಓದುಗರು. ಓದಿ ಇಷ್ಟಪಟ್ಟ ಕಥೆಯನ್ನು ತೆರೆಯ ಮೇಲೆ ನೋಡಬೇಕೆಂದು ಕೈಯಿಂದ ಹಣ ಹಾಕಿದರು. ಆದ್ದರಿಂದ ಭಗವಾನ್ ಪ್ರಶಸ್ತಿಯ ಫಲಕ ಒಂದೇ ಇದ್ದರೆ ಸಾಲದು. ಅದನ್ನು ನೂರು ಮಾಡಿಸಿ ಆ ಒಬ್ಬೊಬ್ಬ ಓದುಗರ ಮನೆಗೂ ಅವರವರ ಹೆಸರು ಬರೆಸಿ ಕಳಿಸಬೇಕು.